ಕೊಟ್ಟಿಗೆಯ ಜೀಪನ್ನು ಯಾವ ಇಸವಿಗೆ ಎಬ್ಬಿಸಬೇಕು?

ಮಲೆನಾಡಿನ ಹಳೆಯ ಮನೆಗಳ ಹಿಂದೆ ತಗಡು ಹೊದಿಸಿದ ಒಂದು ಶೆಡ್ಡು ಇರುತ್ತದೆ. ಒಂದು ಮೂಲೆಯಲ್ಲಿ ಸೌದೆ, ಇನ್ನೊಂದರಲ್ಲಿ ಖಾಲಿ ಗೊಬ್ಬರದ ಚೀಲ, ಗೋಡೆಗೆ ಒರಗಿಸಿದ ಕೆಟ್ಟುಹೋದ ಔಷಧಿ ಪಂಪು. ಇವುಗಳ ನಡುವೆ, ಬಣ್ಣ ಮಾಸಿದ ಟಾರ್ಪಾಲಿನ ಕೆಳಗೆ, ಒಂದು ಜೀಪು. ನಾಲ್ಕೂ ಚಕ್ರದ ಗಾಳಿ ಇಳಿದು ಎಷ್ಟೋ ವರ್ಷವಾಗಿದೆ. ಡ್ರೈವರ್ ಸೀಟಿನ ಹರಿದ ರೆಕ್ಸಿನ್ ಒಳಗೆ ಕೋಳಿ ಮೊಟ್ಟೆ ಇಡುತ್ತದೆ. ಏರ್ ಕ್ಲೀನರಿನಲ್ಲಿ ಇಲಿಯ ಸಂಸಾರ.

ಆ ಜೀಪಿನ ಮಾತು ಬಂದರೆ ಮನೆಯಲ್ಲಿ ಎರಡು ಪಕ್ಷ. “ಗುಜರಿಯವ ಬಂದಾಗ ಕೊಟ್ಟಿದ್ರೆ ಇನ್ನೊಂದಿಷ್ಟು ಸೌದೆ ಇಡಬಹುದಿತ್ತು” ಎನ್ನುವುದು ಅಮ್ಮನ ಪಕ್ಷ. “ಇರ್ಲಿ ಬಿಡೇ, ಅದೇನು ನಿನ್ನ ಹತ್ರ ಅನ್ನ ಕೇಳ್ತದಾ” ಎನ್ನುವುದು ಅಪ್ಪನದು. ಈಚಿನ ವರ್ಷಗಳಲ್ಲಿ ಮೂರನೆಯ ಪಕ್ಷವೊಂದು ಹುಟ್ಟಿಕೊಂಡಿದೆ. ಬೆಂಗಳೂರಿನಿಂದ ರಜೆಗೆ ಬಂದ ಮಗ, ಕೆಲವು ಮನೆಗಳಲ್ಲಿ ಮಗಳು, ಟಾರ್ಪಾಲು ಸರಿಸಿ, ಮೊಬೈಲ್ ಟಾರ್ಚು ಹಾಕಿ ಬಾನೆಟ್ಟಿನೊಳಗೆ ಇಣುಕಿ ಹೇಳುವ ಮಾತು: “ಅಪ್ಪಯ್ಯ, ಇದನ್ನ ನಾನೇ ರೆಡಿ ಮಾಡ್ತೀನಿ.”

ರೆಡಿ ಮಾಡುವುದೆಂದರೆ ಓಡುವ ಹಾಗೆ ಮಾಡುವುದೋ, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡುವುದೋ, ಅಥವಾ ದಪ್ಪ ಟಯರು, ಹೊಸ ದೀಪ ಹಾಕಿ ತನಗೆ ಬೇಕಾದ ಹಾಗೆ ಕಟ್ಟಿಕೊಳ್ಳುವುದೋ? ಮೂರಕ್ಕೂ ಬೇರೆ ಬೇರೆ ದಾರಿ, ಬೇರೆ ಬೇರೆ ಖರ್ಚು, ಬೇರೆ ಬೇರೆ ಕಾನೂನು. ಮೊದಲ ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಇದು ಇತ್ಯರ್ಥವಾಗದೆ ಹೋದರೆ ಆ ಜೀಪು ಡಬ್ಬಿ ಡಬ್ಬಿ ಬೋಲ್ಟುಗಳಾಗಿ ಅದೇ ಶೆಡ್ಡಿನಲ್ಲಿ ಉಳಿಯುತ್ತದೆ. ಅಂಥ ಡಬ್ಬಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

49 ದಿನದ ಕೂಸು

1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆಗೆ ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಒಂದು ಸಣ್ಣ ವಾಹನ ತುರ್ತಾಗಿ ಬೇಕಾಯಿತು. 135 ಕಂಪನಿಗಳಿಗೆ ಕರೆ ಹೋಯಿತು. ಮಾದರಿ ಗಾಡಿ ಕೊಡಲು 49 ದಿನಗಳ ಗಡುವು. ಅಷ್ಟರೊಳಗೆ ಕೊಟ್ಟದ್ದು ದಿವಾಳಿಯ ಅಂಚಿನಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಎಂಬ ಪುಟ್ಟ ಕಂಪನಿ; ನಕ್ಷೆ ಬರೆದವರು ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರು. ಆದರೆ ಸೇನೆ ಕೇಳಿದಷ್ಟು ಸಂಖ್ಯೆಯಲ್ಲಿ ಮಾಡುವ ತಾಕತ್ತು ಬ್ಯಾಂಟಮ್‌ಗೆ ಇರಲಿಲ್ಲ. ದೊಡ್ಡ ಗುತ್ತಿಗೆ ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಎರಡೂ ಸೇರಿ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ಹೊರತಂದಿದ್ದವು.

ಯುದ್ಧಭೂಮಿಯಲ್ಲಿ ಪರಿಣತ ಮೆಕ್ಯಾನಿಕ್ ಸಿಗುವುದಿಲ್ಲ, ಸಿಗುವುದು ಹಳ್ಳಿಯಿಂದ ಬಂದ ಇಪ್ಪತ್ತರ ಹುಡುಗ. ಅವನ ಕೈಗೆ ನಾಲ್ಕು ಪಾನಾ ಕೊಟ್ಟರೆ ರಿಪೇರಿ ಆಗಬೇಕು ಎಂಬ ಲೆಕ್ಕದಲ್ಲೇ ಆ ಗಾಡಿ ತಯಾರಾದದ್ದು. ಅದರ ಹೆಡ್‌ಲೈಟಿಗೆ ಒಂದು ಕೀಲು ಇದೆ. ನಟ್ಟು ಸಡಿಲಿಸಿ ಹಿಂದಕ್ಕೆ ಮಗುಚಿದರೆ ದೀಪ ರಸ್ತೆಯ ಬದಲು ಎಂಜಿನ್ನಿನ ಮೇಲೆ ಬೀಳುತ್ತದೆ, ರಾತ್ರಿ ರಿಪೇರಿಗೆ ಬೇರೆ ದೀಪ ಹಿಡಿಯುವವನು ಬೇಡ. ಇಷ್ಟು ಯೋಚಿಸಿ ಮಾಡಿದ ಕಾರನ್ನು ಆಮೇಲೆ ಯಾರೂ ನಮಗೆ ಮಾರಲಿಲ್ಲ.

ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳು ಭಾರತದಲ್ಲೂ ಹರಾಜಾದವು. ‘ಡಿಸ್ಪೋಸಲ್ ಜೀಪು’ ಎಂಬ ಮಾತು ಹಳೆಯ ಪ್ಲಾಂಟರುಗಳ ಬಾಯಲ್ಲಿ ಈಗಲೂ ಇದೆ. ಇತ್ತ 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ‘ಮಹೀಂದ್ರ ಆ್ಯಂಡ್ ಮೊಹಮ್ಮದ್’ ಶುರುವಾಯಿತು. ಪಾಲುದಾರ ಗುಲಾಂ ಮೊಹಮ್ಮದ್ ದೇಶ ವಿಭಜನೆಯಾದಾಗ ಆಚೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. ಇಲ್ಲಿ ಉಳಿದ ಕಂಪನಿ ‘ಮಹೀಂದ್ರ ಆ್ಯಂಡ್ ಮಹೀಂದ್ರ’ ಆಯಿತು. 1949ರಿಂದ ಮುಂಬೈಯಲ್ಲಿ ಬಿಡಿಭಾಗ ತರಿಸಿ ಜೀಪು ಜೋಡಿಸತೊಡಗಿತು. ಮುಂದೆ ವಿಲ್ಲಿಸ್‌ನ ಸಿಜೆ-3ಬಿ ಇಲ್ಲಿಯೇ ತಯಾರಾಗಿ, ಅಮೆರಿಕದಲ್ಲಿ ನಿಂತ ಮೇಲೂ ಇಲ್ಲಿ ಮುಂದುವರಿಯಿತು. ಕಾಫಿ, ಅಡಿಕೆ, ಏಲಕ್ಕಿ ತೋಟಗಳಿಗೆ ಹೊಕ್ಕದ್ದು ಬಹುಪಾಲು ಇದೇ ವಂಶ.

ಬಾನೆಟ್ಟು ಕೆರೆದು ನೋಡಿ

ಶೆಡ್ಡಿನಲ್ಲಿರುವುದು ಯಾವ ಜೀಪು? ಮನೆಯವರ ಉತ್ತರ ಸಾಮಾನ್ಯವಾಗಿ “ವಿಲ್ಲಿಸ್” ಎಂದೇ. ಅದು ನಿಜವಾಗಿರುವ ಸಂಭವ ಕಡಿಮೆ. ಮೊದಲು ಮುಖ ನೋಡಬೇಕು. ಯುದ್ಧಕಾಲದ ಜೀಪಿನ ಮುಂಭಾಗದ ತಗಡಿನಲ್ಲಿ ಒಂಬತ್ತು ಸೀಳುಗಳಿರುತ್ತವೆ, ನಾಗರಿಕರಿಗೆಂದು ಮಾಡಿದ ನಂತರದ ಜೀಪುಗಳಲ್ಲಿ ಏಳು. ಇನ್ನು ಬಾನೆಟ್ಟು. ಸಿಜೆ-3ಬಿಯ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲು ಒಳಬರುವ ವಾಲ್ವುಗಳನ್ನು ತಲೆಯ ಮೇಲಕ್ಕೆ ಏರಿಸಿದರು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದರು. ಹಣೆ ಉಬ್ಬಿದಂತೆ ಕಾಣುವ ಜೀಪು ಇದು.

ಮುಖವನ್ನು ಬದಲಿಸಬಹುದು, ಹಾಗಾಗಿ ಅಡಿಗೂ ಇಳಿದು ನೋಡಬೇಕು. ರೇಡಿಯೇಟರಿನ ಕೆಳಗೆ ಚಾಸಿಸ್ಸಿನ ಎರಡು ತೊಲೆಗಳನ್ನು ಜೋಡಿಸುವ ಅಡ್ಡಪಟ್ಟಿ ದುಂಡು ಕೊಳವೆಯಾಗಿದ್ದರೆ ವಿಲ್ಲಿಸ್. ಮಗುಚಿದ ದೋಣಿಯಂತೆ ಮಡಚಿದ ತಗಡಾಗಿದ್ದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಅಚ್ಚೊತ್ತುತ್ತಿತ್ತು. ಎಪ್ಪತ್ತೈದು ವರ್ಷದ ಗ್ರೀಸು ಒರೆಸಿದ ಮೇಲೆ ಆ ಪುಟ್ಟ ಅಕ್ಷರ ಕಂಡರೆ ಸಿಗುವ ಖುಷಿ ಬೇರೆಯೇ.

ಹುಡುಕುತ್ತಾ ಹೋದಂತೆ ಒಂದು ವಿಚಿತ್ರ ಬಯಲಾಗುತ್ತದೆ. ಚಾಸಿಸ್ ಒಂದು ಗಾಡಿಯದು, ಗೇರ್ ಬಾಕ್ಸ್ ಇನ್ನೊಂದರದು, ಬಾಡಿ ಮೂರನೆಯದು, ಎಂಜಿನ್ನು ಜೀಪಿನದೇ ಅಲ್ಲ. ಬಾನೆಟ್ಟನ್ನು ಒಂದು ರೂಪಾಯಿ ಬಿಲ್ಲೆಯಷ್ಟು ಅಗಲ ನಿಧಾನವಾಗಿ ಉಜ್ಜಿದರೆ ಮೇಲೆ ಹಸಿರು, ಅದರಡಿ ನೀಲಿ, ಅದರಡಿ ಬಿಳಿ, ಮತ್ತೆ ಕೆಂಪು ಆಕ್ಸೈಡು, ಕೊನೆಗೆ ಅದೃಷ್ಟವಿದ್ದರೆ ಸೇನೆಯ ಮಾಸಲು ಹಸಿರು. ಒಂದೊಂದು ಪದರವೂ ಒಬ್ಬೊಬ್ಬ ಮಾಲೀಕ, ಒಂದೊಂದು ಕಾಲ.

ಸುಲಭವಾಗಿ ಬಿಚ್ಚಲು, ಸುಲಭವಾಗಿ ಕೂಡಿಸಲು ಮಾಡಿದ ಗಾಡಿಯ ಗತಿಯೇ ಇದು. ಕಾಲಕ್ಕೆ ತಕ್ಕಂತೆ ಸಿಕ್ಕಿದ್ದನ್ನು ಹಾಕಿಸಿಕೊಂಡು ಬದುಕಿದ್ದರಿಂದಲೇ ಅದು ಗುಜರಿಗೆ ಹೋಗದೆ ಉಳಿದದ್ದು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲು ತುಟ್ಟಿಯಾದಾಗ ಎಷ್ಟೋ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಮಹೀಂದ್ರವೂ ಆ ದಶಕದಲ್ಲಿ ಡೀಸೆಲ್ ಜೀಪನ್ನೇ ಮಾರುಕಟ್ಟೆಗೆ ತಂದಿತು. ಹಾಗಾದರೆ ‘ಮೂಲಸ್ಥಿತಿಗೆ ತರುವುದು’ ಎಂದರೆ ಯಾವ ಮೂಲ? 1944ರ ಸೈನಿಕನದೋ, 1960ರಲ್ಲಿ ಹರಾಜಿನಲ್ಲಿ ಹಿಡಿದ ಅಜ್ಜನದೋ, 1982ರಲ್ಲಿ ಡೀಸೆಲ್ ಹಾಕಿಸಿದ ಅಪ್ಪನದೋ? ಜೀಪು ಸರಿಮಾಡುವವರು ನಿಜವಾಗಿ ಆರಿಸಿಕೊಳ್ಳುವುದು ಒಂದು ಇಸವಿಯನ್ನು. ನನ್ನನ್ನು ಕೇಳಿದರೆ ಅಜ್ಜನ ಇಸವಿಯೇ ವಾಸಿ. ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಬರೆಸಿ, ನಾರ್ಮಂಡಿಯನ್ನು ಕಂಡೇ ಇರದ ಜೀಪನ್ನು ಸೈನಿಕನ ವೇಷದಲ್ಲಿ ಮೆರವಣಿಗೆ ಮಾಡಿಸುವುದು ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಆದರೆ ಜೀಪು ನನ್ನದಲ್ಲವಲ್ಲ.

ಬಿಚ್ಚುವುದು ಒಂದು ದಿನ

“ಬಿಚ್ಚೋದು ಒಂದು ದಿನ ಅಣ್ಣಾ, ಕಟ್ಟೋದು ಒಂದು ವರ್ಷ” ಎಂದು ಮೆಕ್ಯಾನಿಕ್ಕುಗಳು ಎಚ್ಚರಿಸುವುದು ಸುಮ್ಮನೆ ಅಲ್ಲ. ಪ್ರತಿ ಭಾಗ ತೆಗೆಯುವ ಮುಂಚೆ ಒಂದು ಫೋಟೊ, ತೆಗೆದ ಬೋಲ್ಟುಗಳಿಗೆ ಒಂದು ಪೊಟ್ಟಣ, ಪೊಟ್ಟಣದ ಮೇಲೆ ಒಂದು ಚೀಟಿ. ಈ ಮೂರು ಅಭ್ಯಾಸವಿದ್ದರೆ ಅರ್ಧ ಕೆಲಸ ಆದ ಹಾಗೆ.

ಮನೆಯಲ್ಲಿರುವ ಮಿಲಿಮೀಟರ್ ಪಾನಾ ಸೆಟ್ಟು ಇಲ್ಲಿ ಉಪಯೋಗಕ್ಕಿಂತ ಅಪಾಯವೇ ಹೆಚ್ಚು. ಹಳೆಯ ಜೀಪಿನ ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚಿನ ತಲೆಗೆ 13ರ ಪಾನಾ ಕೂತಂತೆ ಕಾಣುತ್ತದೆ. ಜೋರು ಹಾಕಿದರೆ ಜಾರಿ ಬೋಲ್ಟಿನ ಮೂಲೆಗಳೆಲ್ಲ ಸವೆದು ತಲೆ ಗುಂಡಾಗುತ್ತದೆ, ಆಮೇಲೆ ವೆಲ್ಡಿಂಗ್‌ನವನೇ ಗತಿ.

ಹೊಸಬರೆಲ್ಲ ಬೀಳುವ ಇನ್ನೊಂದು ಗುಂಡಿ ಚಕ್ರದ ನಟ್ಟು. ಹಳೆಯ ವಿಲ್ಲಿಸ್ ವಂಶದ ಜೀಪುಗಳಲ್ಲಿ ಎಡಬದಿಯ ಚಕ್ರಗಳ ನಟ್ಟು ಉಲ್ಟಾ. ಎಲ್ಲ ನಟ್ಟುಗಳೂ ಎಡಕ್ಕೆ ತಿರುಗಿಸಿದರೆ ಸಡಿಲವಾದರೆ, ಇವು ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತವೆ. ಗಾಡಿ ಓಡುವಾಗ ಚಕ್ರ ಸುತ್ತುವ ರಭಸಕ್ಕೆ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಮಾಡಿದ ವ್ಯವಸ್ಥೆ. ಇದು ಗೊತ್ತಿಲ್ಲದೆ ಪಾನಾಕ್ಕೆ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತವರು, ನಟ್ಟು ಬಿಚ್ಚುತ್ತಿದ್ದೇನೆ ಎಂದುಕೊಂಡು ಸ್ಟಡ್ಡನ್ನೇ ತುಂಡರಿಸಿದ್ದಾರೆ. ಹೀಗೆ ತುಂಡರಿಸಿದವರಲ್ಲಿ ನಾನೂ ಒಬ್ಬ, ಅದೂ ಒಂದಲ್ಲ ಎರಡು. ಮೂರನೆಯದಕ್ಕೆ ಕೈಹಾಕುವಾಗ ಪಕ್ಕದ ಮನೆಯ ಮುದುಕರೊಬ್ಬರು ಬೇಲಿಯಾಚೆಯಿಂದ “ಅತ್ಲಾಗೆ ಅಲ್ಲ ಮಾರಾಯ, ಇತ್ಲಾಗೆ” ಎಂದರು.

ಮೈಲುತುತ್ತ, ಪೊಟ್ಯಾಷು, ಮರದ ತುಂಡು

ಮಲೆನಾಡಿನ ಜೀಪು ಸಾಯುವುದು ಎಂಜಿನ್ನಿನಿಂದಲ್ಲ, ತಗಡಿನಿಂದ. ನೀರು ಮತ್ತು ಗಾಳಿ ಸೇರಿದರೆ ಕಬ್ಬಿಣಕ್ಕೆ ತುಕ್ಕು ಎಂಬುದು ಎಲ್ಲರಿಗೂ ಗೊತ್ತು. ವರ್ಷಕ್ಕೆ ನಾಲ್ಕು ತಿಂಗಳು ಸುರಿಯುವ ಊರಿನಲ್ಲಿ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ತೋಟದ ಜೀಪು ತಿಂದದ್ದು ಬರೀ ಮಳೆಯನ್ನಲ್ಲ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ನೆನಪಿಸಿಕೊಳ್ಳಿ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಸುಣ್ಣ ಸಾಕಾಗಿದೆಯೋ ಇಲ್ಲವೋ ಎಂದು ನೋಡಲು ತೋಟದವರು ದ್ರಾವಣದಲ್ಲಿ ಕತ್ತಿಯ ಅಲಗು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಬಂದರೆ ಸುಣ್ಣ ಕಡಿಮೆ ಎಂದು ಅರ್ಥ. ಆ ಕೆಂಪು ತಾಮ್ರ. ಅಷ್ಟು ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಗಿರಬೇಕು. ಹೈಸ್ಕೂಲಿನಲ್ಲಿ ಮೊಳೆಯೊಂದನ್ನು ಮೈಲುತುತ್ತದ ನೀರಿಗೆ ಹಾಕಿ ಮಾಡಿದ ಪ್ರಯೋಗವೂ ಇದೇ. ಇಪ್ಪತ್ತು ಮೂವತ್ತು ಮಳೆಗಾಲ ಮೈಲುತುತ್ತದ ಚೀಲ, ತುಳುಕುವ ಡ್ರಮ್ಮು ಹೊತ್ತ ಜೀಪಿನ ನೆಲದಲ್ಲಿ ಆ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದಿರುತ್ತದೆ. ಇದರ ಮೇಲೆ ಪೊಟ್ಯಾಷ್ ಗೊಬ್ಬರ. ಅದು ಉಪ್ಪಿನದೇ ಜಾತಿ. ಚೀಲ ಹರಿದು ಸಂದಿಗೊಂದಿ ಸೇರಿದರೆ ಗಾಳಿಯ ತೇವವನ್ನು ಹಿಡಿದಿಟ್ಟುಕೊಂಡು ತುಕ್ಕನ್ನು ಬೆಳೆಸುತ್ತದೆ.

ಇನ್ನೊಂದು ಶತ್ರುವನ್ನು ಕಾರ್ಖಾನೆಯವರೇ ಒಳಗಿಟ್ಟು ಕಳಿಸಿದ್ದರು. ಯುದ್ಧಕಾಲದ ಜೀಪಿನ ನೆಲದ ತಗಡು ಬಾಗದಿರಲೆಂದು ಅಡಿಯಲ್ಲಿ ಟೋಪಿಯಂತೆ ಮಡಚಿದ ಪಟ್ಟಿಗಳನ್ನು ಕೂರಿಸಿ, ಅವುಗಳ ಹೊಟ್ಟೆಗೆ ಮರದ ತುಂಡು ತುಂಬಿದ್ದರು. ಮರ ನೀರು ಕುಡಿಯಿತು, ಕುಡಿದದ್ದನ್ನು ಬಿಡಲಿಲ್ಲ. ಮೇಲಿನಿಂದ ಗಟ್ಟಿಯಾಗಿ ಕಾಣುವ ನೆಲ ಅಡಿಯಿಂದ ಸ್ಕ್ರೂಡ್ರೈವರ್ ಚುಚ್ಚಿದರೆ ಹಪ್ಪಳ.

ತುಕ್ಕು ತೆಗೆಯಲು ಮನೆಯಲ್ಲೇ ಮಾಡಬಹುದಾದ ಒಂದು ಚೆಂದದ ಉಪಾಯವಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಬಕೆಟ್ಟಿಗೆ ಎರಡು ಮೂರು ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ತಂತಿಯನ್ನು ಬೇಡದ ಒಂದು ಕಬ್ಬಿಣದ ತುಂಡಿಗೆ ಕಟ್ಟಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಬೇಕು. ಒಂದು ರಾತ್ರಿ ಕಳೆದರೆ ತುಕ್ಕು ಕಪ್ಪು ಮಸಿಯಾಗಿ ಬ್ರಷ್ಷಿಗೆ ಬಿಡುತ್ತದೆ, ಒಳ್ಳೆಯ ಲೋಹ ಹಾಗೇ ಉಳಿಯುತ್ತದೆ. ಎರಡು ಎಚ್ಚರಿಕೆ: ಗುಳ್ಳೆಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಹಾಗಾಗಿ ಇದನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಮಾಡಬೇಕು. ಪಾಸಿಟಿವ್‌ಗೆ ಸ್ಟೀಲ್ ತಟ್ಟೆ, ಚಮಚ ಕಟ್ಟಬಾರದು. ಅದರಲ್ಲಿರುವ ಕ್ರೋಮಿಯಂ ನೀರನ್ನು ವಿಷ ಮಾಡುತ್ತದೆ.

ತೀರಾ ತೂತಾದ ತಗಡನ್ನು ಕತ್ತರಿಸಿ ಹೊಸ ತುಂಡು ಬೆಸೆಯಲೇಬೇಕು. ಇಲ್ಲಿ ಟಿಂಕರಿಂಗ್‌ನವರ ಕೈಚಳಕ ಮುಖ್ಯ. ತೂತಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಟ್ಟರೆ ಎರಡೇ ಮಳೆಗಾಲಕ್ಕೆ ಅದು ಚಕ್ಕೆ ಏಳುತ್ತದೆ. ಬಾಡಿಯೇ ಉಳಿದಿಲ್ಲ ಎನ್ನುವವರಿಗೆ ಹೊಸ ಬಾಡಿ ಸಿಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಈಗಲೂ ಜಗತ್ತಿಗೆಲ್ಲ ಹಳೆಯ ಜೀಪಿನ ಬಾಡಿ ಮಾಡಿ ಕಳಿಸುವವರಿದ್ದಾರೆ.

ಹಳೆಯ ಬಣ್ಣವನ್ನು ಒಣದಾಗಿ ಉಜ್ಜಬೇಡಿ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ಬ್ರೇಕ್ ಡ್ರಮ್ಮಿನ ದೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬೇಡಿ, ಹಳೆಯ ಲೈನರುಗಳಲ್ಲಿ ಕಲ್ನಾರು ಇದೆ. ಪೆಟ್ರೋಲ್ ಟ್ಯಾಂಕು ಎಷ್ಟೇ ವರ್ಷ ಖಾಲಿ ಇದ್ದರೂ ಹಾಗೇ ವೆಲ್ಡಿಂಗಿಗೆ ಒಡ್ಡಬೇಡಿ. ಒಳಗಿನ ಆವಿ ಸಾಕು ಸ್ಫೋಟಕ್ಕೆ. ಯುದ್ಧಕಾಲದ ಜೀಪಿನಲ್ಲಿ ಆ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಅಡಿಯಲ್ಲೇ.

ತಟ್ಟೆಯಂಥ ತಲೆ

ಯುದ್ಧಕಾಲದ ಜೀಪಿನ ‘ಗೋ ಡೆವಿಲ್’ ಎಂಜಿನ್ನು 2,199 ಸಿಸಿಯದು, 60 ಅಶ್ವಶಕ್ತಿ. ಇಂದಿನ ಸಣ್ಣ ಕಾರುಗಳೂ ಇದಕ್ಕಿಂತ ಹೆಚ್ಚು ಕೊಡುತ್ತವೆ. ಆದರೆ ಇದರ ವಾಲ್ವುಗಳೆಲ್ಲ ಪಿಸ್ಟನ್ನಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇವೆ. ಮೇಲಿನ ಹೆಡ್ಡು ಬರೀ ಮುಚ್ಚಳ. ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಒಳಗೇನಾಗಿದೆ ಎಂದು ಕಣ್ಣಾರೆ ನೋಡಬಹುದು.

ಬಹುಕಾಲ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಗೋಡೆಗೆ ಕಚ್ಚಿಕೊಂಡಿರುತ್ತವೆ. ಹೊಸ ಬ್ಯಾಟರಿ ತಂದು ನೇರ ಸೆಲ್ಫ್ ಹೊಡೆಯುವುದು ಉತ್ಸಾಹಿಗಳು ಮಾಡುವ ಮೊದಲ ತಪ್ಪು. ಪ್ಲಗ್ ಬಿಚ್ಚಿ, ತೂತಿನೊಳಗೆ ಡೀಸೆಲ್ ಮತ್ತು ತೆಳು ಎಣ್ಣೆ ಬಿಟ್ಟು ವಾರಗಟ್ಟಲೆ ಬಿಡಬೇಕು. ಆಮೇಲೆ ಮುಂದಿನಿಂದ ಹ್ಯಾಂಡಲ್ ಸಿಕ್ಕಿಸಿ, ಒತ್ತಾಯ ಮಾಡದೆ, ಅತ್ತ ಇತ್ತ ಅಲುಗಿಸುತ್ತಾ ಕಾಯಬೇಕು. ಒಂದು ದಿನ ಅದು ಬೆರಳಗಲ ಕದಲುತ್ತದೆ.

ಸಿಲಿಂಡರ್ ಸವೆದಿದ್ದರೆ ಬೋರಿಂಗ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕುವುದು ಲೇತ್ ಇರುವ ಯಾವುದೇ ತಾಲ್ಲೂಕು ಪೇಟೆಯಲ್ಲಿ ಆಗುವ ಕೆಲಸ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿವೆ. ಇದೇ ವಂಶದ ಜೀಪನ್ನು ದಶಕಗಟ್ಟಲೆ ಇಲ್ಲಿ ತಯಾರಿಸಿದ್ದರಿಂದ, ಅಮೆರಿಕದವರು ದುಬಾರಿ ಕೊಟ್ಟು ಹುಡುಕುವ ಎಷ್ಟೋ ವಸ್ತು ನಮ್ಮಲ್ಲಿ ಹಳೆಯ ಕಾಗದದ ಡಬ್ಬಿಯೊಳಗೆ ಕೂತಿರುತ್ತದೆ. ಕೊಡಚಾದ್ರಿ ಏರುವ, ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಹೋಗುವ ಜೀಪುಗಳ ಚಾಲಕರು, ಅವರ ಗ್ಯಾರೇಜಿನವರು ಈ ವಿದ್ಯೆಯನ್ನು ಇನ್ನೂ ಮರೆತಿಲ್ಲ. ಅವರದು ತುಸು ಈಚಿನ, ಉದ್ದನೆಯ ಜೀಪುಗಳಾದರೂ ವಂಶವಾಹಿ ಅದೇ.

ಪೆಟ್ರೋಲು ಮಾತ್ರ ಮೊದಲಿನದಲ್ಲ. ಸೀಸ ಬೆರೆಸಿದ ಪೆಟ್ರೋಲು 2000ದ ಫೆಬ್ರುವರಿಯಲ್ಲಿ ದೇಶದಲ್ಲಿ ನಿಂತಿತು. ಈಗ ಬರುವುದರಲ್ಲಿ ಶೇ 20ರವರೆಗೆ ಎಥೆನಾಲ್. ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನೂ ಪೆಟ್ರೋಲ್ ಪಂಪಿನ ಒಳಪೊರೆಯನ್ನೂ ಮೆತ್ತಗಾಗಿಸುತ್ತದೆ. ಅವನ್ನು ಎಥೆನಾಲ್ ತಡೆಯುವ ಜಾತಿಯವಕ್ಕೆ ಬದಲಿಸದೆ ಬೇರೆ ದಾರಿಯಿಲ್ಲ. ಓಡಿಸದೆ ನಿಲ್ಲಿಸುವಾಗ ಟ್ಯಾಂಕು, ಕಾರ್ಬ್ಯುರೇಟರ್ ಬರಿದು ಮಾಡಿ ನಿಲ್ಲಿಸಬೇಕು.

ಮೂರು ಲಿವರ್

ಜೀಪಿನೊಳಗೆ ಕೂತರೆ ಗೇರಿನ ಕೋಲಿನ ಪಕ್ಕ ಇನ್ನೆರಡು ಗಿಡ್ಡ ಕೋಲುಗಳು ಕಾಣುತ್ತವೆ. ಒಂದನ್ನು ಹಾಕಿದರೆ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳ ಜೊತೆ ಮುಂದಿನ ಚಕ್ರಗಳಿಗೂ ಹರಿಯುತ್ತದೆ. ಇನ್ನೊಂದು, ಎಲ್ಲ ಗೇರುಗಳನ್ನೂ ಇನ್ನಷ್ಟು ನಿಧಾನ ಮಾಡಿ ಎಳೆಯುವ ಬಲ ಹೆಚ್ಚಿಸುತ್ತದೆ. ಎರಡನ್ನೂ ಸಂಭಾಳಿಸುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಮುಂದಿನ ಚಕ್ರ ಸೇರಿಸದೆ ಆ ನಿಧಾನದ ಗೇರು ಬೀಳುವುದೇ ಇಲ್ಲ; ಅಷ್ಟೂ ಬಲ ಹಿಂದಿನ ಆಕ್ಸಲ್ ಒಂದರ ಮೇಲೇ ಬಿದ್ದು ಮುರಿಯದಿರಲಿ ಎಂದು ಒಳಗೇ ಒಂದು ತಡೆ ಇಟ್ಟಿದ್ದಾರೆ.

ನಾಲ್ಕು ಚಕ್ರದ ಶಕ್ತಿ ಕೆಸರಿಗೆ, ಮರಳಿಗೆ, ಒದ್ದೆ ಹುಲ್ಲಿನ ಏರಿಗೆ. ಗಟ್ಟಿ ಡಾಂಬರಿನ ಮೇಲೆ ಹಾಕಿಕೊಂಡು ತಿರುವು ತೆಗೆದರೆ ಕೆಡುಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು, ಆದರೆ ಎರಡನ್ನೂ ಒಟ್ಟಿಗೆ ಬಿಗಿದಿರುತ್ತಾರೆ. ಮಣ್ಣಿನಲ್ಲಾದರೆ ಚಕ್ರ ತುಸು ಜಾರಿ ಲೆಕ್ಕ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಆಗದೆ ಆ ತಿರುಚು ಶಾಫ್ಟುಗಳಲ್ಲಿ ಸೇರಿಕೊಳ್ಳುತ್ತಾ ಹೋಗಿ ಎಲ್ಲೋ ಒಂದು ಕಡೆ ‘ಟಕ್’ ಎನ್ನುತ್ತದೆ. ಹಳೆಯ ಜೀಪಿನ ಮುಂದಿನ ಆಕ್ಸಲ್‌ಗಳು ಹೋಗಿರುವುದು ಕಾಡಿನಲ್ಲಿ ಮಾತ್ರವಲ್ಲ, ಪೇಟೆಯಲ್ಲೂ.

ಗೇರಿನದೂ ಒಂದು ಕತೆ ಇದೆ. ಮೊದಲ ಗೇರಿಗೆ, ರಿವರ್ಸಿಗೆ ಹಲ್ಲುಗಳ ವೇಗ ಹೊಂದಿಸಿಕೊಡುವ ಸಿಂಕ್ರೊ ವ್ಯವಸ್ಥೆ ಇಲ್ಲ. ಓಡುತ್ತಿರುವಾಗ ಎರಡರಿಂದ ಒಂದಕ್ಕೆ ಇಳಿಸಬೇಕೆಂದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಒಂದು ಚೂರು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಹಾಕಬೇಕು. ‘ಡಬಲ್ ಕ್ಲಚ್’ ಎಂದು ಹಳೆಯ ಲಾರಿ ಚಾಲಕರು ಹೇಳುವುದು ಇದನ್ನೇ. ಬಾರದವರು ಹಾಕಿದರೆ ಗೇರ್ ಬಾಕ್ಸು ಇಡೀ ಕೇರಿಗೆ ಕೇಳುವ ಹಾಗೆ ಕಿರುಚುತ್ತದೆ.

ಹೊಸದು ಎಷ್ಟು ಸೇರಿಸಬಹುದು?

ಹಳೆಯ ಗಾಡಿಗೆ ಹೊಸ ಸೌಕರ್ಯ ಸೇರಿಸುವ ಆಸೆಯಾದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಟಯರು ಮತ್ತು ದೀಪದ ಮೇಲೆ. ಬೀಳಬೇಕಾದದ್ದು ಬ್ರೇಕಿನ ಮೇಲೆ. ಒಂಬತ್ತು ಇಂಚಿನ ಡ್ರಮ್ ಬ್ರೇಕು, ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ದ್ರವದ ಜಾಲ. ಎಲ್ಲೋ ಒಂದು ಪೈಪು ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೆ ಹೋಯಿತು. ಆಗ ಉಳಿಯುವುದು ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟನ್ನು ಹಿಡಿಯುವ ಹ್ಯಾಂಡ್ ಬ್ರೇಕ್ ಒಂದೇ. ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಹೊಕ್ಕು ಪೆಡಲ್ ಒತ್ತಿದರೂ ಗಾಡಿ ನಿಲ್ಲದಿರುವುದು ಬೇರೆ. ಜಾಲವನ್ನು ಮುಂದೆ-ಹಿಂದೆ ಎಂದು ಎರಡು ಮಾಡುವುದು, ಮುಂದಕ್ಕೆ ಡಿಸ್ಕ್ ಹಾಕುವುದು ಬಣ್ಣಕ್ಕಿಂತ ಮೊದಲು ಯೋಚಿಸಬೇಕಾದ ಖರ್ಚು. 6 ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನು 12ಕ್ಕೆ ಏರಿಸುವುದೂ ಬಹುತೇಕರು ಮಾಡುವ, ಮಾಡಬೇಕಾದ ಬದಲಾವಣೆ.

ದಪ್ಪ ಟಯರಿನ ವಿಷಯ ಬೇರೆ. ಈ ಗಾಡಿ ಹುಟ್ಟಿದ್ದು 16 ಇಂಚಿನ ತೆಳು ಟಯರಿಗೆ. ತೆಳು ಟಯರು ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ ಟಯರು ಹಾಕಿದರೆ ಸ್ಟೇರಿಂಗ್ ಭಾರವಾಗುತ್ತದೆ, ಮುಂದಿನ ಬೇರಿಂಗುಗಳು ಸವೆದು ಒಂದು ವೇಗದಲ್ಲಿ ಮುಂಚಕ್ರಗಳು ಜ್ವರ ಬಂದಂತೆ ನಡುಗತೊಡಗುತ್ತವೆ. ಹರಿಯಾಣದ ಮಂಡಿ ಡಬ್ವಾಲಿ ಊರಿನಲ್ಲಿ ಹಳೆಯ ಭಾಗಗಳಿಂದ ಝಗಮಗಿಸುವ ಜೀಪು ಕಟ್ಟಿಕೊಡುವ ದೊಡ್ಡ ದಂಧೆಯೇ ಇದೆ. ನೋಡಲು ಮದುವೆ ದಿಬ್ಬಣಕ್ಕೆ ಸೈ. ಅದೇ ಜೀಪನ್ನು ನಮ್ಮ ತೋಟದ ಇಳಕಲಿನಲ್ಲಿ, ಶ್ರಾವಣದ ಮಳೆಯಲ್ಲಿ ಇಳಿಸಿ ನೋಡಬೇಕು.

ಕಾಗದದ ಜೀಪು

ಜೀಪು ಎದ್ದು ನಿಂತರೂ ರಸ್ತೆಗೆ ಬರಬೇಕಾದರೆ ಅದರ ಕಾಗದವೂ ಎದ್ದು ನಿಲ್ಲಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಅನುಮತಿ ಬೇಕು, ಬದಲಿಸಿದ್ದು ಆರ್‌ಸಿಯಲ್ಲಿ ದಾಖಲಾಗಬೇಕು. ಅಪ್ಪ 1982ರಲ್ಲಿ ಹಾಕಿಸಿದ ಡೀಸೆಲ್ ಎಂಜಿನ್ನು ಆರ್‌ಸಿಯಲ್ಲಿ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಆ ಎಂಜಿನ್ನಿಗೆ ಹಣ ಸುರಿಯುವ ಮೊದಲೇ ಕಚೇರಿಯ ಮೆಟ್ಟಿಲು ಹತ್ತುವುದು ಒಳ್ಳೆಯದು.

50 ವರ್ಷ ದಾಟಿದ ವಾಹನಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಬೇರೆಯದೇ ಬಾಗಿಲು ತೆರೆಯಿತು. ‘ವಿಂಟೇಜ್’ ಎಂದು ನೋಂದಾಯಿಸಿದರೆ ರಾಜ್ಯದ ಅಕ್ಷರಗಳ ನಂತರ ‘ವಿಎ’ ಸೇರಿದ ವಿಶೇಷ ಸಂಖ್ಯೆ ಸಿಗುತ್ತದೆ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ‘ಎಂವೈ’, ‘ಎಂಇ’ಗಳಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ಹಲಗೆ ಇದ್ದವರಿಗೆ ಇದು ಸಣ್ಣ ಸಂಗತಿಯಲ್ಲ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷದ ಅವಧಿ, ನಂತರದ ಮರುನೋಂದಣಿಗೆ 5,000. ಆದರೆ ಷರತ್ತುಗಳಿವೆ. ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಪ್ರದರ್ಶನ, ರ್‍ಯಾಲಿ, ಇಂಧನ, ರಿಪೇರಿ ಮುಂತಾದವಕ್ಕೆ ಬಿಟ್ಟರೆ ನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ.

ಇಲ್ಲೇ ಆ ಇಸವಿಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕಾನೂನಿಗೆ ಇಷ್ಟವಾಗುವುದು ಕಾರ್ಖಾನೆಯ ಇಸವಿ. ನಮ್ಮ ತೋಟದ ಜೀಪುಗಳು ಬದುಕಿದ್ದು ಅದನ್ನು ಬಿಟ್ಟುಕೊಟ್ಟು. ವಿಂಟೇಜ್ ಹಲಗೆ ಬೇಕೆಂದರೆ ಡೀಸೆಲ್ ಇಳಿಸಿ ಹಳೆಯ ಪೆಟ್ರೋಲ್ ಎಂಜಿನ್ ಹುಡುಕಬೇಕು, ಅಡಿಕೆ ಮೂಟೆ ಹೇರುವುದು ಬಿಡಬೇಕು. ಅಡಿಕೆ ಹೇರಬೇಕೆಂದರೆ ಸಾಮಾನ್ಯ ಆರ್‌ಸಿಯನ್ನೇ ಐದೈದು ವರ್ಷಕ್ಕೊಮ್ಮೆ ನವೀಕರಿಸುತ್ತಾ, ಪ್ರತಿ ಸಲ ತಪಾಸಣೆಗೆ ಒಡ್ಡುತ್ತಾ ಹೋಗಬೇಕು.

ಕೊಳ್ಳುವವರಿಗೆ ಒಂದು ಮಾತು. ಹಳೆಯ ಜೀಪಿಗೆ ಬೇಡಿಕೆ ಏರಿದಂತೆ, ಸತ್ತ ಜೀಪಿನ ಆರ್‌ಸಿಯನ್ನು ಬೇರೆ ಜೀಪಿಗೆ ಅಂಟಿಸುವುದು, ಚಾಸಿಸ್ ಸಂಖ್ಯೆ ಉಜ್ಜಿ ಬೇರೆ ಕೊರೆಯುವುದು ಹೆಚ್ಚಾಗಿದೆ. ಯುದ್ಧಕಾಲದ ವಿಲ್ಲಿಸ್‌ನಲ್ಲಿ ಸಂಖ್ಯೆಯ ಪುಟ್ಟ ತಗಡು ಮುಂದಿನ ಬಂಪರಿನ ಹಿಂದೆ, ಎಡಗಡೆಯ ತೊಲೆಯ ಒಳಮೈಗೆ ರಿವಿಟ್ ಆಗಿರುತ್ತದೆ. ಬೆಲೆ ಮಾತಾಡುವ ಮೊದಲು ಆರ್‌ಸಿ ಹಿಡಿದು ಅಲ್ಲಿ ಬಗ್ಗಿ ನೋಡಿ. ಮಾರುವವನು “ಅದನ್ನೆಲ್ಲ ಯಾಕೆ ನೋಡ್ತೀರಿ ಸಾರ್” ಎಂದರೆ ಚಹಾ ಕುಡಿದು ವಾಪಸು ಬನ್ನಿ.

ಅಂಗಳದಲ್ಲಿ ಮೊದಲ ಸುತ್ತು

ಒಂದು ವರ್ಷ ಎಂದು ಶುರುವಾದದ್ದು ಎರಡಾಗಿರುತ್ತದೆ, ಹಾಕಿಕೊಂಡ ಬಜೆಟ್ಟೂ ಅಷ್ಟೇ. ಕೊನೆಗೊಂದು ದಿನ ಕಾಯಿಲ್, ಡೆಲ್ಕೋ ಪಾಯಿಂಟು, ಪ್ಲಗ್ಗು ಎಲ್ಲ ಸರಿಬಂದು, ನಾಲ್ಕನೆಯದೋ ಐದನೆಯದೋ ಹ್ಯಾಂಡಲಿಗೆ ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಹಿಡಿದುಕೊಳ್ಳುತ್ತದೆ. ಮಗ ಕೂತು ಅಂಗಳ ದಾಟಿಸಿ ತೋಟದ ಏರಿಗೆ ತಿರುಗಿಸುತ್ತಾನೆ. ಏರಿನ ಅರ್ಧದಲ್ಲಿ ಎರಡರಿಂದ ಒಂದಕ್ಕೆ ಹಾಕಲು ಹೋಗಿ ಗೇರ್ ಬಾಕ್ಸು ಕಿರುಚುತ್ತದೆ. ಇನ್ನೊಮ್ಮೆ. ಮತ್ತೂ ಜೋರು.

ಅಲ್ಲಿಯವರೆಗೆ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದ ಅಪ್ಪ ಎದ್ದು ಬರುತ್ತಾರೆ. ಇಪ್ಪತ್ತು ವರ್ಷವಾಗಿರಬಹುದು ಅವರು ಆ ಸೀಟಿನಲ್ಲಿ ಕೂತು. “ಇಳಿ” ಎನ್ನುತ್ತಾರೆ, ಬೇರೇನೂ ಹೇಳುವುದಿಲ್ಲ. ಹವಾಯಿ ಚಪ್ಪಲಿಯ ಎಡಗಾಲು ಕ್ಲಚ್ಚನ್ನು ಒತ್ತಿ, ಬಿಟ್ಟು, ಮತ್ತೆ ಒತ್ತುತ್ತದೆ. ಗೇರು ಸದ್ದಿಲ್ಲದೆ ಬೀಳುತ್ತದೆ. ಜೀಪು ಏರು ಹತ್ತಿ ಅಡಿಕೆ ಮರಗಳ ನಡುವೆ ಮರೆಯಾಗಿ, ಅರ್ಧ ಗಂಟೆಯ ಮೇಲೆ ವಾಪಸು ಬರುವಾಗ ಹಿಂದುಗಡೆ ಸೌದೆ ತುಂಬಿರುತ್ತದೆ.